ಮಾಗಿಯ ಚಳಿಯಲ್ಲಿ ಪುಟ್ಟ ಮಕ್ಕಳೊಂದಿಗೆ ಹೊರಗೆ ಹೋಗುವುದು ಹೇಗೆ: ಬೆಂಗಳೂರಿನ ಕುಟುಂಬಗಳಿಗೆ ಹಂತಹಂತದ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಒಂದೇ ಬಗೆಯ ಭಾನುವಾರ ಅನೇಕ ಮನೆಗಳಲ್ಲಿ ಮರುಕಳಿಸುತ್ತದೆ. ನಸುಕಿನಲ್ಲಿ ಮಗುವನ್ನು ಎಬ್ಬಿಸಿ, ಎರಡು ಸ್ವೆಟರ್ ಮತ್ತು ಒಂದು ಮಂಕಿ ಕ್ಯಾಪ್ ತೊಡಿಸಿ, ಕತ್ತಲು ಹರಿಯುವ ಮೊದಲೇ ಹೊರಟ ಕುಟುಂಬವು ಹತ್ತು ಗಂಟೆಯ ಹೊತ್ತಿಗೆ ಬೆವರಿ, ಹಸಿದು, ರಚ್ಚೆ ಹಿಡಿದ ಮಗುವನ್ನು ಎತ್ತಿಕೊಂಡು ವಾಹನ ನಿಲ್ಲಿಸಿದ ಕಡೆಗೆ ಓಡುತ್ತಿರುತ್ತದೆ. ಮಂಗಳವಾರ ಮಗುವಿಗೆ ನೆಗಡಿ. ಬುಧವಾರ ಅಜ್ಜಿಯ ಆಕ್ಷೇಪಣೆ. ಇದರಲ್ಲಿ ಚಳಿಯ ಪಾಲು ಕಡಿಮೆ. ಕೆಲಸಗಳ ಕ್ರಮವೇ ತಲೆಕೆಳಗಾಗಿರುತ್ತದೆ: ಮೊದಲು ಜಾಗ ಗೊತ್ತುಮಾಡುತ್ತಾರೆ, ಆಮೇಲೆ ಹೊರಡುವ ಹೊತ್ತು, ಎಲ್ಲಕ್ಕೂ ಕೊನೆಯಲ್ಲಿ ಮಗುವಿನ ನಿದ್ದೆ ಮತ್ತು ಊಟ. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿರುವ ಮನೆಯವರು ಈ ಕ್ರಮವನ್ನು ಹಿಂದುಮುಂದಾಗಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

## ಹಂತ 1: ಹಿಂದಿರುಗುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಿ

ಮಗು ಮಧ್ಯಾಹ್ನ ಎಷ್ಟು ಗಂಟೆಗೆ ಮಲಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಒಂದೂವರೆಗೆ ಮಲಗುವ ಮಗುವಿಗೆ ಒಂದು ಗಂಟೆಯೊಳಗೆ ಊಟವಾಗಬೇಕು. ಅದಕ್ಕಾಗಿ ಹನ್ನೆರಡೂವರೆಗೆ ಮನೆ ಸೇರಬೇಕು. ದಾರಿಗೆ ಮುಕ್ಕಾಲು ಗಂಟೆ ಹಿಡಿದರೆ ಹನ್ನೊಂದೂಮುಕ್ಕಾಲಿಗೆ ಅಲ್ಲಿಂದ ಹೊರಡಬೇಕು. ಎರಡು ಗಂಟೆ ಆಟಕ್ಕೆ ಬಿಟ್ಟರೆ ಒಂಬತ್ತೂಮುಕ್ಕಾಲಿಗೆ ಅಲ್ಲಿರಬೇಕು, ಒಂಬತ್ತಕ್ಕೆ ಮನೆ ಬಿಡಬೇಕು. ಇಷ್ಟೇ ನಿಮ್ಮ ದಿನ. ಬೆಳಿಗ್ಗೆಯೂ ಒಂದು ಸಲ ಮಲಗುವ ಹಸುಗೂಸಾದರೆ, ಎರಡು ನಿದ್ದೆಗಳ ನಡುವಿನ ಎಚ್ಚರದ ಅವಧಿಗಷ್ಟೇ ಯೋಜನೆ ಹಾಕಿಕೊಳ್ಳಿ.

ಒಂಬತ್ತು ಗಂಟೆ ತಡವಾಯಿತೆಂದು ಅನೇಕರಿಗೆ ಅನ್ನಿಸುತ್ತದೆ. ಜನವರಿಯ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ 6.45ರ ಸುಮಾರಿಗೆ. ರಾತ್ರಿಯಿಡೀ ತಣಿದ ನೆಲದ ಹತ್ತಿರದ ಗಾಳಿ ಮೇಲೇರದೆ ನಿಂತಿರುವುದರಿಂದ ಹೊಗೆ ಮತ್ತು ದೂಳು ಕೂಡ ಬಿಸಿಲೇರುವವರೆಗೆ ಕೆಳಗೇ ಉಳಿಯುತ್ತವೆ. ಉಬ್ಬಸದ ತೊಂದರೆಯಿರುವ ಮಕ್ಕಳಿಗೆ ಈ ಹೊತ್ತೇ ಅತ್ಯಂತ ಕೆಟ್ಟದ್ದು.

ಈ ಹಂತದ ಸಾಮಾನ್ಯ ತಪ್ಪು ಒಂದೇ: "ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಜಾಗ ನೋಡಿಕೊಂಡೇ ಹೋಗೋಣ" ಎನ್ನುವುದು. ಹಾಗೆ ಅನ್ನುವವರು ಮನೆಯಲ್ಲಿ ಯಾರೆಂದು ನಿಮಗೇ ಗೊತ್ತಿರುತ್ತದೆ. ಹಿಂದಿರುಗುವ ಹೊತ್ತನ್ನು ಅವರ ಬಾಯಿಂದಲೇ ಹಿಂದಿನ ದಿನ ಹೇಳಿಸಿಬಿಡಿ.

## ಹಂತ 2: ಎಂತಹ ಚಳಿ ಎಂಬುದನ್ನು ಶುಕ್ರವಾರವೇ ನೋಡಿಕೊಳ್ಳಿ

ಡಿಸೆಂಬರ್ ಮತ್ತು ಜನವರಿಯಲ್ಲಿ ಈ ಊರಿನ ಕನಿಷ್ಠ ತಾಪಮಾನ ಸರಾಸರಿ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೂ ಗರಿಷ್ಠ ತಾಪಮಾನ 27ರ ಆಸುಪಾಸಿನಲ್ಲಿಯೂ ಇರುತ್ತದೆ. ಎಂದರೆ ಒಂದೇ ಹಗಲಿನಲ್ಲಿ ಹತ್ತು ಡಿಗ್ರಿಗೂ ಮಿಕ್ಕಿದ ಏರಿಳಿತ. ಆಕಾಶ ಶುಭ್ರವಾಗಿದ್ದರೆ ಬೆಳಗಿನ ಚಳಿ ಹೆಚ್ಚು, ಆದರೆ ಹತ್ತರ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ. ಹೊರಸಂಚಾರಕ್ಕೆ ಇದೇ ತಕ್ಕ ದಿನ.

ಮೋಡ ಕವಿದ ಚಳಿ ಬೇರೆಯ ಬಗೆಯದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಇಲ್ಲಿ ದಿನವಿಡೀ ಜಿಟಿಜಿಟಿ ಮಳೆ ಹಿಡಿದುಕೊಳ್ಳುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಮತ್ತು 2024ರ ಡಿಸೆಂಬರ್ ಆರಂಭದಲ್ಲಿ ಫೆಂಜಲ್ ಚಂಡಮಾರುತಗಳು ಬಂದಾಗ ಆದದ್ದು ಇದೇ. ಅಂತಹ ದಿನ ಕನಿಷ್ಠ ತಾಪಮಾನದ ಅಂಕಿ ಹಿತವಾಗಿಯೇ ಕಾಣುತ್ತದೆ, ಆದರೆ ಮಧ್ಯಾಹ್ನವಾದರೂ ಮೈ ಕಾಯುವುದಿಲ್ಲ, ಒದ್ದೆಯಾದ ಬಟ್ಟೆ ಒಣಗುವುದಿಲ್ಲ. ಆಗ ಉದ್ಯಾನವನ್ನು ಕೈಬಿಟ್ಟು ಒಳಾಂಗಣದ ಜಾಗಕ್ಕೆ ಹೋಗಿ, ಇಲ್ಲವೇ ಮುಂದಿನ ವಾರಕ್ಕೆ ದೂಡಿ.

ಮಗುವಿಗೆ ಆಗಲೇ ಜ್ವರವಿದ್ದರೆ, ಅಥವಾ ಕಳೆದ ಎರಡು ದಿನಗಳಲ್ಲಿ ಹೊಸದಾಗಿ ಕೆಮ್ಮು ಕಾಣಿಸಿಕೊಂಡಿದ್ದರೆ ಮುಂದಿನ ಹಂತಗಳನ್ನು ಓದುವ ಅಗತ್ಯವಿಲ್ಲ. ಮನೆಯಲ್ಲೇ ಇರಿ.

## ಹಂತ 3: ಮಗುವಿನ ವಯಸ್ಸಿಗೆ ತಕ್ಕ ಜಾಗ ಆರಿಸಿ

ಒಂದು ವರ್ಷದೊಳಗಿನ ಮಗುವಿಗೆ ಜಾಗ ಮುಖ್ಯವಲ್ಲ. ಅರ್ಧ ಗಂಟೆಯ ದಾರಿಯೊಳಗೆ ಬಿಸಿಲು, ನೆರಳು ಮತ್ತು ಕೂರಲು ಕಲ್ಲುಬೆಂಚು ಇದ್ದರೆ ಸಾಕು. ಬಡಾವಣೆಯ ಉದ್ಯಾನವೇ ಇದಕ್ಕೆ ಲೇಸು. ದೊಡ್ಡವರ ಆಸೆಗಾಗಿ ದೂರ ಹೋಗುವುದಿದ್ದರೆ, ಅದು ದೊಡ್ಡವರ ಪ್ರವಾಸ ಎಂದು ಒಪ್ಪಿಕೊಂಡು ಹೋಗುವುದು ಉತ್ತಮ.

ಒಂದರಿಂದ ಮೂರು ವರ್ಷದ ಮಕ್ಕಳಿಗೆ ಓಡಲು ಬಯಲು ಬೇಕು. ಭಾನುವಾರ ಕಬ್ಬನ್ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನಗಳ ಓಡಾಟವಿರುವುದಿಲ್ಲವಾದ್ದರಿಂದ ಮಗುವಿನ ಕೈ ಬಿಡಬಹುದು. ಹತ್ತಿರದಲ್ಲೇ ಮೆಟ್ರೊ ನಿಲ್ದಾಣವೂ ಇದೆ. ಲಾಲ್‌ಬಾಗ್ 240 ಎಕರೆಯಷ್ಟು ವಿಶಾಲವಾದದ್ದು. ಅದನ್ನು ಪೂರ್ತಿ ಸುತ್ತುವ ಹಟ ಬೇಡ: ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿಳಿದು ಪಶ್ಚಿಮ ದ್ವಾರದಿಂದ ಒಳಹೊಕ್ಕು, ಗಾಜಿನ ಮನೆಯ ಸುತ್ತಮುತ್ತ ಒಂದೆಡೆ ಚಾಪೆ ಹಾಸಿಕೊಂಡು ಅಲ್ಲೇ ಇದ್ದುಬಿಡಿ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಗಾಳಿ ಜೋರು. ಕೆಳಗೆ ತೆಗೆದ ಸ್ವೆಟರನ್ನು ಅಲ್ಲಿ ಮತ್ತೆ ಹಾಕಬೇಕಾಗುತ್ತದೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ವಾರಾಂತ್ಯಗಳಲ್ಲಿ ಮಾತ್ರ ಈ ವಯಸ್ಸಿನ ಮಕ್ಕಳನ್ನು ಅಲ್ಲಿಗೆ ಒಯ್ಯಬೇಡಿ. ಅವರಿಗೆ ಕಾಣುವುದು ಹೂವಲ್ಲ, ಜನರ ಮೊಣಕಾಲು.

ಮೂರರಿಂದ ಆರು ವರ್ಷದವರಿಗೆ ಕಬ್ಬನ್ ಉದ್ಯಾನದ ಬಾಲಭವನದ ಪುಟಾಣಿ ರೈಲು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಬನ್ನೇರುಘಟ್ಟದ ಮೃಗಾಲಯ ಇವು ಸರಿಹೊಂದುತ್ತವೆ. ಮೋಡದ ದಿನಕ್ಕೆ ವಸ್ತುಸಂಗ್ರಹಾಲಯವೇ ಸರಿ. ನೆಹರು ತಾರಾಲಯದಲ್ಲಿ ಕತ್ತಲಲ್ಲಿ ಅಲುಗದೆ ಕೂರಬೇಕಾಗುವುದರಿಂದ ನಾಲ್ಕು ವರ್ಷದೊಳಗಿನವರು ಹೆದರಿ ಅಳುವುದುಂಟು; ಬಾಗಿಲ ಬದಿಯ ಆಸನ ಹಿಡಿಯಿರಿ. ಬನ್ನೇರುಘಟ್ಟದಲ್ಲಿ ಸಫಾರಿ, ಮೃಗಾಲಯ, ಚಿಟ್ಟೆ ಉದ್ಯಾನ ಮೂರನ್ನೂ ಒಂದೇ ದಿನ ಮುಗಿಸಲು ಹೊರಟರೆ ಒಂದೂ ದಕ್ಕುವುದಿಲ್ಲ.

ಈಗ ನಂದಿಬೆಟ್ಟದ ಮಾತು, ಏಕೆಂದರೆ ಅತಿ ಹೆಚ್ಚು ಕುಟುಂಬಗಳು ಸೋಲುವುದು ಅಲ್ಲಿಯೇ. ಬೆಟ್ಟದ ಎತ್ತರ 1,478 ಮೀಟರ್; ಬೆಂಗಳೂರು ಇರುವುದು ಸುಮಾರು 900 ಮೀಟರಿನಲ್ಲಿ. ಈ ಅಂತರಕ್ಕೆ ಮೂರು ನಾಲ್ಕು ಡಿಗ್ರಿ ತಾಪಮಾನ ಇಳಿಯುತ್ತದೆ, ಅದರ ಮೇಲೆ ಮಂಜು ಮತ್ತು ಗಾಳಿ. ಸೂರ್ಯೋದಯ ನೋಡಬೇಕೆಂದರೆ ನಾಲ್ಕೂವರೆಗಾದರೂ ಮನೆ ಬಿಡಬೇಕು, ಮಂಜಿನ ಹೆದ್ದಾರಿಯಲ್ಲಿ ಓಡಿಸಬೇಕು, ದ್ವಾರದಲ್ಲಿ ವಾಹನಗಳ ಸಾಲಿನಲ್ಲಿ ಕಾಯಬೇಕು. ನನ್ನ ಮಗಳಿಗೆ ಮೂರು ವರ್ಷವಿದ್ದಾಗ ನಾನೂ ಈ ಸಾಹಸ ಮಾಡಿದ್ದೇನೆ. ತಿರುವುಗಳಲ್ಲಿ ಅವಳು ವಾಂತಿ ಮಾಡಿಕೊಂಡಳು. ಸೂರ್ಯ ಹುಟ್ಟುವಾಗ ನನ್ನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಎಚ್ಚರವಾದ ಮೇಲೆ ಅವಳಿಗೆ ನೆನಪಿನಲ್ಲಿ ಉಳಿದದ್ದು ಬಿಸ್ಕತ್ತು ಕಸಿದ ಕೋತಿಯೊಂದೇ. ಐದು ವರ್ಷದೊಳಗಿನ ಮಕ್ಕಳಿದ್ದರೆ ಸೂರ್ಯೋದಯವನ್ನು ಮರೆತುಬಿಡಿ. ಬಿಸಿಲೇರಿದ ಮೇಲೆ ಹೊರಟು ತಪ್ಪಲಿನ ಭೋಗನಂದೀಶ್ವರ ದೇವಾಲಯಕ್ಕೆ ಹೋಗುವುದು ಮೇಲು. ಅಲ್ಲಿನ ಅಂಗಳ ಸಮತಟ್ಟಾದುದು, ಸುತ್ತಲೂ ಗೋಡೆಯಿದೆ, ಮಗು ಕಣ್ಣಳತೆಯಲ್ಲೇ ಓಡಾಡುತ್ತದೆ. ಕಲ್ಲುಹಾಸು ಬೆಳಿಗ್ಗೆ ಮಂಜುಗಡ್ಡೆಯಂತಿರುತ್ತದೆ, ಆದ್ದರಿಂದ ಕಾಲುಚೀಲಕ್ಕೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ.

ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಗೆ ಅದರ ಹಿಂದಿನ ವಾರಾಂತ್ಯದಲ್ಲೇ ಜನ ಸೇರುತ್ತಾರೆ. ಜನವರಿಯ ಚಿತ್ರಸಂತೆಯೂ ಹಾಗೆಯೇ. ಇಂಥ ಕಡೆಗೆ ಹತ್ತು ಗಂಟೆಯೊಳಗೆ ಹೋಗಿ ಬಂದುಬಿಡಬೇಕು. ತಳ್ಳುಗಾಡಿ ಮನೆಯಲ್ಲಿರಲಿ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಬಳಸಿ. ದೊಡ್ಡ ಮಗುವಿನ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇಡಿ. ಚಳಿಯೆಂದು ಹೆದರಿ ಮಾಲ್‌ಗೆ ಹೋಗುವವರು ಒಂದು ವಿಷಯ ನೆನಪಿಡಬೇಕು: ನೆಗಡಿ ತರುವುದು ವೈರಸ್, ಅದು ಹರಡುವುದು ಕಿಟಕಿಯಿಲ್ಲದ ಜನಸಂದಣಿಯಲ್ಲಿ.

## ಹಂತ 4: ಪದರಪದರವಾಗಿ ಉಡಿಸಿ, ಹೊತ್ತಿಗೆ ಸರಿಯಾಗಿ ಬಿಚ್ಚಿ

ದಪ್ಪನೆಯ ಒಂದು ಜಾಕೆಟ್ಟಿಗಿಂತ ತೆಳುವಾದ ಮೂರು ಪದರಗಳು ಹೆಚ್ಚು ಉಪಯುಕ್ತ. ಮೈಗೆ ಅಂಟಿಕೊಂಡು ತುಂಬುತೋಳಿನ ಹತ್ತಿಯ ಬನಿಯನ್, ಅದರ ಮೇಲೆ ಹತ್ತಿಯ ಅಂಗಿ, ಎಲ್ಲಕ್ಕೂ ಮೇಲೆ ಮುಂದೆ ಗುಂಡಿ ಅಥವಾ ಜಿಪ್ ಇರುವ ಸ್ವೆಟರ್. ತಲೆಯ ಮೂಲಕ ಎಳೆದು ಹಾಕುವ ಸ್ವೆಟರ್ ಬೇಡ. ಮಲಗಿದ ಮಗುವಿನಿಂದ ಅದನ್ನು ತೆಗೆಯಲು ಹೋದರೆ ಮಗು ಏಳುತ್ತದೆ.

ಪುಟ್ಟ ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಅವರ ಮೈ ಬೇಗ ತಣ್ಣಗಾಗುತ್ತದೆ. ಹೀಗಾಗಿ ನೀವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಎತ್ತಿಕೊಂಡ ಮಗುವಿಗೆ ಸರಿಯಾದ ಅಳತೆ. ಓಡಾಡುವ ಮಗುವಿಗೆ ನಿಮ್ಮಷ್ಟೇ ಸಾಕು, ಏಕೆಂದರೆ ಓಟವೇ ಅದರ ಸ್ವೆಟರ್. ನಮ್ಮ ಊರಿನಲ್ಲಿ ಕಡಿಮೆ ಉಡಿಸಿ ಕೆಡಿಸುವವರು ವಿರಳ. ಹೆಚ್ಚು ಉಡಿಸಿ ಕೆಡಿಸುವವರೇ ಬಹಳ. ಉಣ್ಣೆಯೊಳಗೆ ಬೆವರಿದ ಮಗು ಸ್ವೆಟರ್ ತೆಗೆದ ಕೂಡಲೇ ಗಾಳಿಗೆ ಮೈಯೊಡ್ಡಿದರೆ, ಒದ್ದೆ ಬನಿಯನ್ ಅದರ ಮೈಶಾಖವನ್ನೆಲ್ಲ ಹೀರಿಬಿಡುತ್ತದೆ.

ಅಂಗೈ ಮುಟ್ಟಿ ಚಳಿಯನ್ನು ಅಳೆಯುವುದು ತಪ್ಪು. ಮಕ್ಕಳ ಕೈಕಾಲು ಚಳಿಯಲ್ಲಿ ಸಹಜವಾಗಿಯೇ ತಣ್ಣಗಿರುತ್ತದೆ. ಕುತ್ತಿಗೆಯ ಹಿಂಭಾಗಕ್ಕೆ ಎರಡು ಬೆರಳು ಹಾಕಿ ನೋಡಿ. ಅದು ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆದು ಬೆನ್ನು ಒರೆಸಿ. ತಣ್ಣಗಿದ್ದರೆ ಒಂದು ಪದರ ಸೇರಿಸಿ.

ಹಸುಗೂಸಿಗೆ ಕುಲಾವಿ ಬೇಕೇ ಬೇಕು, ಆದರೆ ಗದ್ದದ ಕೆಳಗೆ ಉದ್ದನೆಯ ದಾರ ಇರಬಾರದು. ಜಾರುಬಂಡೆ, ಉಯ್ಯಾಲೆಯ ಹತ್ತಿರ ಹೋಗುವ ಮಗುವಿನ ಕೊರಳಲ್ಲಿ ಮಫ್ಲರ್ ಇರಲೇಬಾರದು. ಅದು ಕಂಬಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ಎದೆಯ ಚೀಲದಲ್ಲಿರುವ ಕೂಸಿನ ಮುಖದ ಮೇಲೆ ಶಾಲು ಹೊದಿಸಬೇಡಿ, ಅದರ ಗದ್ದ ಎದೆಗೆ ಒತ್ತಿಕೊಳ್ಳದಂತೆಯೂ ನೋಡಿಕೊಳ್ಳಿ. ಕಿವಿಗೆ ಹತ್ತಿ ತುರುಕುವುದು ಅನಗತ್ಯ. ಕಿವಿ ಮುಚ್ಚುವ ಟೋಪಿ ಸಾಕು.

## ಹಂತ 5: ಚೀಲವನ್ನು ಹಿಂದಿನ ರಾತ್ರಿಯೇ ತುಂಬಿಡಿ

ಬೆಳಿಗ್ಗೆ ತುಂಬಿದ ಚೀಲದಲ್ಲಿ ಏನಾದರೊಂದು ಬಿಟ್ಟುಹೋಗಿರುತ್ತದೆ. ಎರಡು ಜೊತೆ ಬಟ್ಟೆ, ಅದರಲ್ಲೂ ಬನಿಯನ್ ಮತ್ತು ಚಡ್ಡಿ ಹೆಚ್ಚು, ಎರಡು ಜೊತೆ ಕಾಲುಚೀಲ, ಡೈಪರ್, ಒರೆಸುವ ಬಟ್ಟೆ, ಒದ್ದೆ ಬಟ್ಟೆಗೆ ಬೇರೆ ಕವರ್, ಹಳೆಯ ಚಾಪೆ, ತೆಳು ಹೊದಿಕೆ, ಸಣ್ಣ ಟವೆಲ್, ತಾಪಮಾಪಕ, ವೈದ್ಯರು ಆಗಲೇ ಬರೆದುಕೊಟ್ಟಿರುವ ಔಷಧ. ಉಬ್ಬಸದ ಮಗುವಿನ ಇನ್ಹೇಲರ್ ಮತ್ತು ಸ್ಪೇಸರ್ ಕಾರಿನಲ್ಲಲ್ಲ, ಕೈಚೀಲದಲ್ಲೇ ಇರಬೇಕು.

ಚಳಿಯಲ್ಲಿ ಮಕ್ಕಳಿಗೆ ಮೂತ್ರ ಬೇಗಬೇಗ ಬರುತ್ತದೆ. ಡೈಪರ್ ಬಿಡಿಸಿ ಆರು ತಿಂಗಳೂ ಆಗದ ಮಗುವಿದ್ದರೆ ಮೂರನೆಯ ಚಡ್ಡಿಯನ್ನೂ ಇಡಿ, ಹೋದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

## ಹಂತ 6: ಬುತ್ತಿ, ನೀರು ಮತ್ತು ಗಂಟಲಿಗೆ ಸಿಕ್ಕುವ ತಿನಿಸುಗಳು

ಹೊರಡುವ ಮೊದಲು ಹೊಟ್ಟೆ ತುಂಬಿರಬೇಕು. ಚಿಕ್ಕವರಿಗೆ ರಾಗಿ ಸರಿ, ದೊಡ್ಡವರಿಗೆ ಬಿಸಿ ಇಡ್ಲಿ ಅಥವಾ ದೋಸೆ. ಹತ್ತೂವರೆಯ ಹಸಿವಿಗೆ ಬಾಳೆಹಣ್ಣು, ತುಪ್ಪ ಸವರಿದ ಚಪಾತಿ ಸುರುಳಿ. ಚಳಿಯಲ್ಲಿ ಮಕ್ಕಳು ತಾವಾಗಿ ನೀರು ಕೇಳುವುದಿಲ್ಲ. ಅರ್ಧ ಗಂಟೆಗೊಮ್ಮೆ ನೀವೇ ಎರಡು ಗುಟುಕು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲಷ್ಟೇ, ನೀರೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಕೆಮ್ಮಿಗೆಂದು ಜೇನುತುಪ್ಪ ನೆಕ್ಕಿಸಬೇಡಿ.

ಫ್ಲಾಸ್ಕಿನಲ್ಲಿ ಬಿಸಿ ಹಾಲು ಒಯ್ಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಉಗುರುಬೆಚ್ಚಗಿನ ಹಾಲು ಗಂಟೆಗಟ್ಟಲೆ ನಿಂತರೆ ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಪುಡಿಹಾಲು ಕುಡಿಯುವ ಮಗುವಾದರೆ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲೂ ಅಳೆದ ಪುಡಿಯನ್ನು ಒಣ ಡಬ್ಬಿಯಲ್ಲೂ ಬೇರೆಬೇರೆಯಾಗಿ ಒಯ್ದು, ಬೇಕಾದಾಗ ಕಲಸಿ, ಆರಿಸಿ ಕುಡಿಸಿ, ಉಳಿದದ್ದನ್ನು ಚೆಲ್ಲಿ.

ಈ ಕಾಲದ ತಿನಿಸುಗಳಲ್ಲೇ ಅಪಾಯವೂ ಇದೆ. ಕಡಲೆಕಾಯಿ ಬೀಜ, ಎಳ್ಳುಬೆಲ್ಲದಲ್ಲಿನ ಕೊಬ್ಬರಿ ಚೂರು, ಕಬ್ಬಿನ ತುಂಡು, ಇಡೀ ದ್ರಾಕ್ಷಿ ಇವು ನಾಲ್ಕೈದು ವರ್ಷದೊಳಗಿನ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಓಡುವ ಅಥವಾ ನಗುವ ಮಗುವಿನ ಬಾಯಲ್ಲಿ ಕಡಲೆಬೀಜ ಇರಬಾರದು. ಪುಡಿ ಮಾಡಿದ ಕಡಲೆಕಾಯಿ ಉಂಡೆ ಕೊಡಬಹುದು. ಗಂಟಲಿಗೆ ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಧ್ವನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಅದಕ್ಕೂ ಹೊರಬರದಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ತೋಳಿನ ಮೇಲೆ ಅಂಗಾತ ಮಲಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ದೊಡ್ಡ ಮಗುವಿಗೆ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಜೊತೆಯವರು 108ಕ್ಕೆ ಕರೆ ಮಾಡಲಿ. ಬಾಯೊಳಗೆ ಕುರುಡಾಗಿ ಬೆರಳು ಹಾಕಿದರೆ ತುಂಡು ಇನ್ನೂ ಒಳಕ್ಕೆ ಹೋಗುತ್ತದೆ.

## ಹಂತ 7: ದಾರಿ

ದ್ವಿಚಕ್ರ ವಾಹನದಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಬಿಗಿದುಕೊಳ್ಳುವ ಸುರಕ್ಷತಾ ಪಟ್ಟಿ ಕಡ್ಡಾಯ. ವೇಗ ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಈ ನಿಯಮವನ್ನು ರಸ್ತೆಯಲ್ಲಿ ಪಾಲಿಸುವವರು ಕಾಣಸಿಗುವುದೇ ಅಪರೂಪ. ಮಗುವನ್ನು ಮುಂದೆ ನಿಲ್ಲಿಸಿಕೊಂಡರೆ ಎದುರುಗಾಳಿಯೆಲ್ಲ ಅದರ ಎದೆಗೇ ಬಡಿಯುತ್ತದೆ. ಅರ್ಧ ಗಂಟೆಗಿಂತ ದೂರದ ದಾರಿಗೆ ಸ್ಕೂಟರ್ ಬಿಟ್ಟು ಮೆಟ್ರೊ ಅಥವಾ ಬಸ್ ಹಿಡಿಯಿರಿ.

ಕಾರಿನಲ್ಲಿ ಮಕ್ಕಳ ಆಸನಕ್ಕೆ ಕೂರಿಸುವಾಗ ದಪ್ಪ ಜಾಕೆಟ್ ತೆಗೆಯಿರಿ. ಜಾಕೆಟ್ಟಿನ ಮೇಲೆ ಬಿಗಿದ ಪಟ್ಟಿ ಅಪಘಾತದ ಹೊತ್ತಿನಲ್ಲಿ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಹೊದಿಕೆ ಹೊದಿಸಿ. ನಿಂತ ಕಾರಿನಲ್ಲಿ ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಇಟ್ಟು ಮಗುವನ್ನು ಮಲಗಿಸುವುದು ವಿಷಾನಿಲಕ್ಕೆ ಆಹ್ವಾನ.

## ಹಂತ 8: ತಲುಪಿದ ಮೇಲೆ ಮೊದಲ ಹದಿನೈದು ನಿಮಿಷ

ಇಳಿದ ಕೂಡಲೇ ಆಟಕ್ಕೆ ಬಿಡಬೇಡಿ. ಮೊದಲು ಶೌಚಾಲಯ, ಆಮೇಲೆ ಎರಡು ಗುಟುಕು ನೀರು, ಆಮೇಲೆ ಬಿಸಿಲು ಬೀಳುವ ಕಡೆ ಚಾಪೆ. ಹುಲ್ಲಿನ ಮೇಲಿನ ಇಬ್ಬನಿ ಹತ್ತು ಗಂಟೆಯವರೆಗೂ ಆರಿರುವುದಿಲ್ಲ. ಕೈಯಿಂದ ಮುಟ್ಟಿ ನೋಡಿಯೇ ಕೂರಿಸಿ. ಮಗು ಓಡಲು ಶುರುಮಾಡುವ ಮೊದಲೇ ಸ್ವೆಟರ್ ಬಿಚ್ಚಿ, ಬೆವರಿದ ಮೇಲಲ್ಲ. ಓಟ ನಿಲ್ಲಿಸಿ ಕೂತಾಗ ಮತ್ತೆ ಹಾಕಿ. ಇದಕ್ಕಾಗಿ ಇಬ್ಬರು ದೊಡ್ಡವರಲ್ಲಿ ಒಬ್ಬರು ಫೋನನ್ನು ಚೀಲದಲ್ಲಿಡಬೇಕಾಗುತ್ತದೆ. ಎಲ್ಲ ಹಂತಗಳಲ್ಲೂ ಕಷ್ಟದ್ದು ಇದೇ ಇರಬಹುದು.

## ಹಂತ 9: ಆಟ ನಿಲ್ಲಿಸಿ ಹೊರಡಬೇಕಾದ ಲಕ್ಷಣಗಳು

ಆಡುತ್ತಿದ್ದ ಮಗು ಕಾರಣವಿಲ್ಲದೆ ಸುಮ್ಮನಾಗಿ ಮಡಿಲಿಗೆ ಬಂದು ಮುದುರಿಕೊಳ್ಳುವುದು ಮೊದಲ ಸೂಚನೆ. ನಡುಕ, ತುಟಿ ಬಣ್ಣಗೆಡುವುದು, ಹೊಟ್ಟೆ ಅಥವಾ ಎದೆ ಮುಟ್ಟಿದರೆ ತಣ್ಣಗಿರುವುದು ಮುಂದಿನವು. ಕೂಡಲೇ ಒದ್ದೆ ಬಟ್ಟೆ ಬದಲಿಸಿ, ನಿಮ್ಮ ಮೈಗೆ ಒತ್ತಿಕೊಂಡು ಮೇಲೆ ಹೊದಿಕೆ ಸುತ್ತಿ, ಬೆಚ್ಚಗಿನದೇನಾದರೂ ಕುಡಿಸಿ. ಎಚ್ಚರ ಮಂಕಾದರೆ ಕುಡಿಸಲು ಹೋಗದೆ ಆಸ್ಪತ್ರೆಗೆ ಒಯ್ಯಿರಿ.

ಉಸಿರಾಟವನ್ನು ಅಂಗಿ ಎತ್ತಿ ನೋಡಬೇಕು, ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮ್ಮನಿರುವ ಮಗುವಿನ ಉಸಿರು ಎರಡು ತಿಂಗಳಿಂದ ಒಂದು ವರ್ಷದವರೆಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಮನೆಮದ್ದಿಗೆ ಕಾಯಬಾರದು.

## ಹಂತ 10: ಮನೆಗೆ ಬಂದ ಮೇಲೆ

ಬೆವರಿದ ಬನಿಯನ್ ಮತ್ತು ಕಾಲುಚೀಲವನ್ನು ಊಟಕ್ಕಿಂತ ಮೊದಲೇ ಬದಲಿಸಿ, ಬಿಸಿನೀರಿನಲ್ಲಿ ಕೈಕಾಲು ತೊಳೆಸಿ, ಉಣ್ಣಿಸಿ, ಮಲಗಿಸಿ. ಎಣ್ಣೆಸ್ನಾನ ಅದೇ ದಿನವೇ ಆಗಬೇಕೆಂಬ ನಿಯಮವಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ತಿಕ್ಕುವ ರೂಢಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯಕಾರಿ, ಏಕೆಂದರೆ ಕರ್ಪೂರ ಅವರಿಗೆ ವಿಷ.

ಎರಡು ಮೂರು ದಿನಗಳಲ್ಲಿ ನೆಗಡಿ ಕಾಣಿಸಿಕೊಂಡರೆ ಕಳೆದ ವರ್ಷದ ಬಾಟಲಿಯನ್ನು ಹುಡುಕಬೇಡಿ. ನೆಗಡಿಯ ಔಷಧಗಳಲ್ಲಿ ಬಳಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರಲ್ಲೇ ಎಚ್ಚರಿಸಿದ್ದಾರೆ. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ಗಂಟೆಯಲ್ಲಿ ವೈದ್ಯರ ಬಳಿ ಒಯ್ಯಬೇಕು. ದೊಡ್ಡ ಮಗು ಹಾಲು, ನೀರು ನಿರಾಕರಿಸಿದರೆ ಅಥವಾ ಆರೇಳು ಗಂಟೆ ಮೂತ್ರ ಮಾಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.